ಅಯಾನು-ವಿಕಿರಣದ ಸೂಕ್ಷ್ಮಮಾಪನ

ಪ್ರಮಾಣದಿಂದಲೇ ಪ್ರಮೇಯವು ಸಿದ್ಧಿಸುವದೆಂಬುದು ನೈಯಾಯಿಕರ ಮತ. ಗವಾಕ್ಷದ ಬಿಸಿಲುಕೋಲಿನಲ್ಲಿ ತೇಲುವ ತ್ರಸರೇಣುವೇ ಕಣ್ಣಿಗೆ ಗೋಚರವಾಗುವ ಅತ್ಯಲ್ಪ ವಸ್ತುವೆಂದು ವೈಶೇಷಿಕರು ಎಣಿಸಿದರು. ಅದಕ್ಕೂ ಕಿರಿದಾದ ಎಡೆಯಲ್ಲಿ ನಡೆಯುವ ವ್ಯಾಪಾರವನ್ನು ಅಳೆಯಬೇಕಾದರೆ ಅಳತೆಗೋಲೂ ಅಷ್ಟೇ ಕಿರಿದಾಗಬೇಕಾಗುವದು. ಅಂಥ ಅಳತೆಗೋಲುಗಳಲ್ಲಿ ಸಿಲಿಕಾನ್ ಶೋಧಕವು ಒಂದು.

ಮೊದಲು ಶಬ್ದವಿಚಾರ. 'ಅಯಾನು' ಎಂಬುದು 1834ರಲ್ಲಿ ಫ್ಯಾರಡೆಯು ಗ್ರೀಕ್ ಭಾಷೆಯಿಂದ ತೆಗೆದು ಬಳಕೆಗೆ ತಂದ ಪದ. 'ಹೋಗುವದು' ಎಂದು ಅದರ ಅರ್ಥ. ಆ ಗ್ರೀಕ್ ಧಾತುವೂ ಸಂಸ್ಕೃತದ ಗಮನಾರ್ಥಕವಾದ 'ಇ' ಧಾತುವೂ ಸೋದರಗಳು. ಆದುದರಿಂದ 'ಉತ್ತರಾಯಣ'ದೊಳಗಿನ 'ಅಯನ'ಕ್ಕೆ ಈ ಪದವು ದೂರದ ನಂಟು. ವಿದ್ಯುದಂಶವುಳ್ಳ ಪರಮಾಣುವೇ ಅಯಾನು. ಅದು ವೇಗದಿಂದ ಪದಾರ್ಥದಲ್ಲಿ ಹೊಕ್ಕಾಗ ತನ್ನ ಶಕ್ತಿಯನ್ನು ದಾರಿಯುದ್ದಕ್ಕೂ ಕಳೆಯುತ್ತ ಸಾಗುವದು.

ಒಂದು ಕಿಲೋಗ್ರಾಂ ಪದಾರ್ಥದಲ್ಲಿ ಒಂದು ಜೂಲ್ ಶಕ್ತಿ ಸೇರಿದರೆ ಆ ಮಾತ್ರೆಗೆ ಒಂದು 'ಗ್ರೇ' ಎಂದು ಹೆಸರು. ಆದರೆ ಈ ಲೆಕ್ಕವು ಸರಾಸರಿಯದು. ಹುಬ್ಬಳ್ಳಿಯ ಸುತ್ತಲಿನ ಎರೆಹೊಲದ ಹತ್ತಿಯ ಮೇಲೆ ಜಿಟಿಜಿಟಿ ಮಳೆಯಾಗಿ ಬಿದ್ದ ನೀರೂ ಆನೆಕಲ್ಲಾಗಿ ಬಿದ್ದ ನೀರೂ ತೂಕದಲ್ಲಿ ಸಮವಾಗಿರಬಹುದು. ಪೈರಿಗಾಗುವ ಹಾನಿ ಸಮವಲ್ಲ. ಕ್ಷಕಿರಣವು ಜಿಟಿಮಳೆ; ಇಂಗಾಲದ ಅಯಾನು ಆನೆಕಲ್ಲು. ಅರ್ಬುದರೋಗಕ್ಕೆ ಅಯಾನು-ಚಿಕಿತ್ಸೆ ಕೊಡುವಲ್ಲಿ ಈ ಭೇದವೇ ಪ್ರಧಾನ. ಅಯಾನು ನಿಲ್ಲುವ ಮುನ್ನ ಶಕ್ತಿಯನ್ನು ದಟ್ಟವಾಗಿ ಸುರಿಸುವದು. ಆ ಎಡೆ ಗಂತಿಯಲ್ಲಿ ಬಿದ್ದರೆ ರೋಗಕ್ಕೆ ಪೆಟ್ಟು, ಪಕ್ಕದ ಆರೋಗ್ಯವಂತ ಅಂಗದಲ್ಲಿ ಬಿದ್ದರೆ ರೋಗಿಗೇ ಪೆಟ್ಟು.

ಆದುದರಿಂದ ಜೀವಕೋಶದಷ್ಟು, ಎಂದರೆ ಮಿಲಿಮೀಟರಿನ ನೂರನೆಯ ಒಂದಂಶದಷ್ಟು, ಎಡೆಯಲ್ಲಿ ಒಂದೊಂದು ಅಯಾನು ಬಿಟ್ಟ ಶಕ್ತಿಯನ್ನು ಅಳೆದು, ಅದನ್ನು ಆ ಎಡೆಯ ಸರಾಸರಿ ಅಡ್ಡಹಾದಿಯಿಂದ ಭಾಗಿಸುವರು. ಈ ಶಾಸ್ತ್ರಕ್ಕೆ 1950ರ ದಶಕದಲ್ಲಿ ಅಮೇರಿಕೆಯ ಹೆರಾಲ್ಡ್ ರಾಸಿಯು ತಳಹದಿ ಹಾಕಿದನು. ಅವನ ಉಪಕರಣವು ವಿರಳವಾದ ಅನಿಲ ತುಂಬಿದ ಗೋಲ. ಅದು ಕೋಶವನ್ನು ಅನುಕರಿಸಿತೇ ಹೊರತು ತಾನು ಕೋಶದಷ್ಟು ಕಿರಿದಾಗಿರಲಿಲ್ಲ. ಸಿಲಿಕಾನಿನಲ್ಲಿ ಆ ಕಿರಿದುತನವೇ ಸಾಧ್ಯವಾಯಿತು. ಅಯಾನು ಹಾದಾಗ ಸುಮಾರು 3.6 ಇಲೆಕ್ಟ್ರಾನ್-ವೋಲ್ಟಿಗೆ ಒಂದರಂತೆ ಇಲೆಕ್ಟ್ರಾನು ಹಾಗೂ ರಂಧ್ರಗಳ ಜೋಡಿ ಹುಟ್ಟುವದು. ಅನಿಲದಲ್ಲಾದರೆ ಒಂದು ಜೋಡಿಗೆ ಸುಮಾರು 30 ಬೇಕು. ಆ ವಿದ್ಯುದಂಶವನ್ನು ಕೂಡಿಸಿದರೆ ಶಕ್ತಿಯ ಲೆಕ್ಕ ದೊರೆಯುವದು. ಆಸ್ಟ್ರೇಲಿಯದ ವುಲಂಗಾಂಗ್ ವಿಶ್ವವಿದ್ಯಾಲಯದಲ್ಲಿ ಇಂಥ ಪುಟ್ಟ ಶೋಧಕಗಳನ್ನು ಸಾಲುಸಾಲಾಗಿ ಒಂದೇ ಹಲಗೆಯ ಮೇಲೆ ನಿರ್ಮಿಸಿರುವರು.

ದೋಷಗಳೂ ಉಂಟು. ಸಿಲಿಕಾನು ಮಾಂಸವಲ್ಲ, ಆದುದರಿಂದ ಫಲವನ್ನು ಗುಣಕದಿಂದ ತಿದ್ದಬೇಕು. ಅಳೆಯುವ ವಿಕಿರಣವೇ ಕಾಲಕ್ರಮದಲ್ಲಿ ಶೋಧಕವನ್ನೂ ಕೆಡಿಸುವದು.

ಈ ವಿದ್ಯೆಯ ಬಂಧುವೊಂದು ಕನ್ನಡನಾಡಿನಲ್ಲಿಯೂ ಬೆಳೆದಿದೆ. ಭಾಭಾ ಪರಮಾಣು ಸಂಶೋಧನ ಕೇಂದ್ರದ ಯೋಜನೆಯಂತೆ ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸಿನಲ್ಲಿ ಸಿದ್ಧವಾದ, ಒಂದೊಂದರಲ್ಲಿ 32 ಪಟ್ಟಿಗಳುಳ್ಳ ಸಿಲಿಕಾನ್ ಶೋಧಕಗಳು ಜಿನೀವಾದ ಸರ್ನ್ ಪ್ರಯೋಗಾಲಯದ ಸಿ.ಎಂ.ಎಸ್. ಯಂತ್ರವನ್ನು ಸೇರಿದವು. ಅವು ಕೋಶಮಾಪನದವಲ್ಲವಾದರೂ ತತ್ತ್ವ ಒಂದೇ. ನೆರೆಯ ಚೆನ್ನೈಯಲ್ಲಿ 2019ರಿಂದ ಪ್ರೋಟಾನ್ ಚಿಕಿತ್ಸೆ ನಡೆದಿದೆ. ಅಳತೆ ಸೂಕ್ಷ್ಮವಾದಷ್ಟೂ ಚಿಕಿತ್ಸೆಯು ನಿರಪಾಯವಾಗುವದು. ಸರಾಸರಿಯಿಂದ ಸಮಷ್ಟಿಯು ತಿಳಿದೀತು, ವ್ಯಕ್ತಿಯ ನೋವು ತಿಳಿಯದು.