ಮಾಯದ ಗಾಯಕ್ಕೆ ನೀರಿನ ಹೊದಿಕೆ

ಗಾಯ ವಾಸಿಯಾಯಿತೆಂಬುದಕ್ಕೆ ನಮ್ಮ ಆಡುಮಾತಿನಲ್ಲಿ ‘ಒಣಗಿತು’ ಎನ್ನುತ್ತೇವೆ. ವಾಸಿಯಾಗದುದನ್ನು ‘ಹಸಿ ಗಾಯ’ ಎನ್ನುತ್ತೇವೆ. ಹಸಿಯೆಂದರೆ ಕೇಡು, ಒಣಗಿದರೆ ಕ್ಷೇಮ ಎಂಬ ತಿಳಿವಳಿಕೆ ಈ ಮಾತುಗಳಲ್ಲಿಯೇ ಅಡಗಿದೆ. ಗಾಳಿಯಾಡಲೆಂದು ಗಾಯವನ್ನು ಬಿಚ್ಚಿಡುವುದು, ಪುಡಿ ಉದುರಿಸುವುದು, ಹಕ್ಕಳೆ ಕಟ್ಟಿತೆಂದು ನಿಶ್ಚಿಂತರಾಗುವುದು ಎಲ್ಲವೂ ಅದರಿಂದ ಬಂದ ರೂಢಿಗಳು. ತರಚಿದ ಮೊಣಕಾಲಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಆದರೆ ಸಿಹಿಮೂತ್ರ ರೋಗಿಯ ಅಂಗಾಲಿನ ಹುಣ್ಣು, ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣು, ಊದಿದ ಕಾಲಿನ ಹಳೆಯ ವ್ರಣ ಇವು ತಿಂಗಳುಗಟ್ಟಲೆ ಮಾಯುವುದಿಲ್ಲ. ಅಂಗಾಲಿನ ಹುಣ್ಣಂತೂ ಕಡೆಗೆ ಕಾಲನ್ನೇ ಕತ್ತರಿಸಬೇಕಾದ ಸ್ಥಿತಿಗೆ ತರಬಲ್ಲುದು. ಇಂಥ ಕಡೆ ಒಣಗಿಸುವ ರೂಢಿ ನಮಗೆ ಹಿತವೇ ಎಂಬುದನ್ನು ವಿಚಾರಿಸಬೇಕಾಗುತ್ತದೆ.

ಈ ರೂಢಿಯನ್ನು ಪ್ರಯೋಗದಿಂದ ಪರೀಕ್ಷಿಸಿದವರಲ್ಲಿ ಇಂಗ್ಲೆಂಡಿನ ಜಾರ್ಜ್ ವಿಂಟರ್ ಪ್ರಮುಖರು. ಎಳೆಯ ಹಂದಿಗಳ ಚರ್ಮದ ಮೇಲಿನ ಮೇಲುಗಾಯಗಳಲ್ಲಿ ಕೆಲವನ್ನು ಅವರು ಗಾಳಿಗೆ ತೆರೆದಿಟ್ಟರು; ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿದರು. ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಇಮ್ಮಡಿ ವೇಗದಲ್ಲಿ ಹರಡಿತು. 1962ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಇದಕ್ಕೆ ಕಾರಣವೇನು? ಹೊಸ ಚರ್ಮದ ಕೋಶಗಳು ಗಾಯದ ಅಂಚಿನಿಂದಲೂ ಕೂದಲಿನ ಬುಡಗಳಿಂದಲೂ ತೆವಳುತ್ತ ಬಂದು ಗಾಯವನ್ನು ಮುಚ್ಚುತ್ತವೆ. ತೇವವಿದ್ದಲ್ಲಿ ಅವುಗಳ ನಡಿಗೆ ಸುಗಮ. ಮೇಲ್ಪದರ ಒಣಗಿ ಹಕ್ಕಳೆ ಕಟ್ಟಿದಾಗ, ಅವು ತೇವವನ್ನು ಅರಸಿಕೊಂಡು ಅದರ ಅಡಿಯಲ್ಲಿ ನುಸುಳಿ ಸಾಗಬೇಕಾಗುತ್ತದೆ.

ಹಾಗಾದರೆ ಗಾಯದ ತೇವವನ್ನು ಹದವಾಗಿ ಕಾಯುವುದು ಹೇಗೆ? ನೀರನ್ನು ಪ್ರೀತಿಸುವ ಜೆಲ್‌ಗಳು ಇಲ್ಲಿ ಉಪಯೋಗಕ್ಕೆ ಬಂದವು. ಕಾಮಕಸ್ತೂರಿಯ ಬೀಜವನ್ನು ನೀರಿನಲ್ಲಿ ನೆನೆಸಿದರೆ ಅದರ ಸುತ್ತ ಲೋಳೆಯೊಂದು ಉಬ್ಬಿ ನಿಲ್ಲುತ್ತದೆಯಷ್ಟೆ. ಆ ಲೋಳೆ ನೀರನ್ನು ಹೀರಿಕೊಳ್ಳುತ್ತದೆ, ಆದರೆ ನೀರಿನಲ್ಲಿ ಕರಗಿಹೋಗುವುದಿಲ್ಲ. ಇದೇ ಗುಣದ ಕೃತಕ ವಸ್ತುವೊಂದನ್ನು ಪ್ರಾಗ್ ನಗರದ ರಸಾಯನ ವಿಜ್ಞಾನಿಗಳಾದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ ರೂಪಿಸಿ 1960ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಮೊದಲಿಗೆ ಪ್ರಸಿದ್ಧವಾದದ್ದು ಅದರಿಂದ ಮಾಡಿದ, ಕಣ್ಣಿನೊಳಗೆ ಧರಿಸುವ ಮೃದು ಮಸೂರ. ಅದೇ ತತ್ತ್ವದ ಬೇರೆ ಬೇರೆ ಜೆಲ್‌ಗಳು ಮುಂದೆ ಗಾಯದ ಪಟ್ಟಿಗಳಾದವು. ಇವುಗಳಲ್ಲಿ ಬಹುಪಾಲು ನೀರೇ. ಕೆಲವು ತೆಳುಹಾಳೆಯಂತೆ ಇರುತ್ತವೆ. ಕೆಲವು ಕೊಳವೆಯಿಂದ ಹಿಂಡಿ ಗಾಯದ ಕುಳಿಯನ್ನು ತುಂಬುವಂಥವು.

ಹಳೆಯ ಹುಣ್ಣಿನ ತಳದಲ್ಲಿ ಸತ್ತ ಅಂಗಾಂಶ ಒಣಗಿ ಅಂಟಿಕೊಂಡಿರುವುದುಂಟು. ಅದು ತೊಲಗದೆ ಹೊಸ ಮಾಂಸಕ್ಕೆ ಜಾಗವಿಲ್ಲ. ಜೆಲ್ ಅದಕ್ಕೆ ನೀರುಣಿಸಿ ಮೆದುವಾಗಿಸುತ್ತದೆ. ಆಗ ದೇಹದ ಸ್ವಂತ ಕಿಣ್ವಗಳೇ ಅದನ್ನು ಕರಗಿಸಿ ಬೇರ್ಪಡಿಸುತ್ತವೆ. ಒಣ ಬಟ್ಟೆ ಗಾಯಕ್ಕೆ ಅಂಟಿಕೊಂಡು, ಕೀಳುವಾಗ ಹೊಸ ಚರ್ಮವನ್ನೂ ಕಿತ್ತು ತರುತ್ತದೆ. ಜೆಲ್ ಹಾಗೆ ಅಂಟುವುದಿಲ್ಲ. ಅದರ ತಂಪಿನಿಂದ ನೋವೂ ತಗ್ಗುತ್ತದೆ.

ಆದರೂ ಇದು ಎಲ್ಲ ಗಾಯಕ್ಕೂ ಸಲ್ಲುವ ಮದ್ದಲ್ಲ. ಮೊದಲೇ ಧಾರಾಳವಾಗಿ ಸೋರುವ ಹುಣ್ಣಿಗೆ ಜೆಲ್ ಹಚ್ಚಿದರೆ ಸುತ್ತಲಿನ ಚರ್ಮ ನೆನೆದು ಬಿಳುಚಿ ಹಾಳಾಗುತ್ತದೆ. ರಕ್ತ ಸಂಚಾರವೇ ನಿಂತು ಕಪ್ಪಾಗಿ ಒಣಗಿದ ಬೆರಳನ್ನು ತೇವಗೊಳಿಸುವುದು ಅಪಾಯಕರ. ಅಲ್ಲಿ ಒಣಗಿರುವುದೇ ಕ್ಷೇಮ. ನಂಜೇರಿದ ಗಾಯಕ್ಕೆ ನಂಜಿನ ಚಿಕಿತ್ಸೆ ನಡೆಯಲೇಬೇಕು. ಹಿತ್ತಲಿನ ಲೋಳೆಸರದ ತಿರುಳು ನೋಡಲು ಹೀಗೆಯೇ ಇದ್ದರೂ, ಕ್ರಿಮಿಶುದ್ಧವಲ್ಲದ ಅದನ್ನು ಇಂಥ ಆಳವಾದ ಹುಣ್ಣಿಗೆ ತುಂಬುವುದು ತರವಲ್ಲ. ಯಾವ ಗಾಯಕ್ಕೆ ಯಾವ ಹೊದಿಕೆ ಎಂಬುದನ್ನು ವೈದ್ಯರೇ ನಿರ್ಣಯಿಸಬೇಕು.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಗಾಯ ಏಕೆ ಮಾಯುತ್ತಿಲ್ಲ ಎಂಬ ಪ್ರಶ್ನೆಗೆ ಜೆಲ್ ಉತ್ತರವಲ್ಲ. ವೆಲ್ಲೂರಿನ ಆಸ್ಪತ್ರೆಯಲ್ಲಿ ಕುಷ್ಠರೋಗಿಗಳ ನಡುವೆ ದುಡಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಒಂದು ಸತ್ಯವನ್ನು ಒತ್ತಿ ಹೇಳಿದರು. ಆ ರೋಗಿಗಳ ಅಂಗಾಲಿನ ಹುಣ್ಣಿಗೆ ಮಾಂಸದ ದೌರ್ಬಲ್ಯ ಕಾರಣವಲ್ಲ. ನೋವು ತಿಳಿಯದ ಪಾದ ಗಾಯದ ಮೇಲೆಯೇ ನಡೆಯುತ್ತಿರುವುದು ಕಾರಣ. ಆ ಒತ್ತಡ ತಪ್ಪಿದಾಗ ಹುಣ್ಣುಗಳು ಮಾಯ್ದವು. ಸಿಹಿಮೂತ್ರದಿಂದ ಸ್ಪರ್ಶಜ್ಞಾನ ಕಳೆದುಕೊಂಡ ಪಾದಕ್ಕೂ ಈ ಮಾತು ಅನ್ವಯಿಸುತ್ತದೆ. ಆ ಪಾದದ ಮೇಲಿನ ಭಾರವನ್ನು ಇಳಿಸಬೇಕು, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡಬೇಕು. ಹಾಸಿಗೆ ಹಿಡಿದವರನ್ನು ಆಗಾಗ ಮಗ್ಗುಲು ಬದಲಾಯಿಸಿ ಮಲಗಿಸಬೇಕು. ಅಭಿಧಮನಿಯ ದೋಷದಿಂದ ಊದಿದ ಕಾಲಿಗೆ, ರಕ್ತ ಸಂಚಾರವನ್ನು ಪರೀಕ್ಷಿಸಿದ ಬಳಿಕ, ಬಿಗಿಪಟ್ಟಿ ಕಟ್ಟಬೇಕು.

ಗಾಯವನ್ನು ಮಾಯಿಸುವುದು ದೇಹವೇ. ಅದರ ದಾರಿಯಲ್ಲಿ ತೇವವನ್ನು ಉಳಿಸಿಕೊಡುವುದಷ್ಟೇ ಜೆಲ್‌ನ ಕೆಲಸ. ದಾರಿಗೆ ಅಡ್ಡಲಾದುದನ್ನು ತೆಗೆಯುವುದು ರೋಗಿಯ, ಮನೆಯವರ ಮತ್ತು ವೈದ್ಯರ ಕೆಲಸ. ನೋವಿಲ್ಲವೆಂದು ಅಂಗಾಲಿನ ಹುಣ್ಣನ್ನು ಕಡೆಗಣಿಸದೆ, ಪ್ರತಿದಿನ ಪಾದವನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುವ ಅಭ್ಯಾಸವೊಂದು ನಮ್ಮ ಮನೆಗಳಲ್ಲಿ ಬೆಳೆದರೆ, ಎಷ್ಟೋ ಕಾಲುಗಳು ಉಳಿದಾವು.