‘ಆತುರ’ರೆಂದರೆ ಯಾರು?

‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬುದು ಮನೆಮನೆಯ ಗಾದೆ. ಇಂದು ‘ಆತುರ’ವೆಂದರೆ ಅವಸರ, ತವಕ ಎಂಬ ಅರ್ಥವೇ ಎಲ್ಲರ ಬಳಕೆಯಲ್ಲಿದೆ. ಆದರೆ ಸಂಸ್ಕೃತದಿಂದ ಬಂದ ಈ ಶಬ್ದದ ಹಳೆಯ ಅರ್ಥವೇ ಬೇರೆ. ರೋಗದಿಂದ ನರಳುವವನು, ದೇಹಬಲ ಉಡುಗಿದವನು ಆತುರ. ಚರಕಸಂಹಿತೆಯು ಆಯುರ್ವೇದಕ್ಕೆ ಎರಡು ಪ್ರಯೋಜನಗಳನ್ನು ಹೇಳುತ್ತದೆ: ಸ್ವಸ್ಥನ ಆರೋಗ್ಯವನ್ನು ಕಾಪಾಡುವುದು, ಆತುರನ ವಿಕಾರವನ್ನು ಶಮನಗೊಳಿಸುವುದು. ಸ್ವಸ್ಥನೆಂದರೆ ತನ್ನಲ್ಲಿ ತಾನು ನೆಲೆನಿಂತವನು. ಆ ನೆಲೆ ತಪ್ಪಿದವನು ಆತುರ.

ಈ ಅರ್ಥವು ಪೂರ್ಣವಾಗಿ ಅಳಿದಿಲ್ಲ. ಮರಣ ಸಮೀಪಿಸಿದಾಗ ಸ್ವೀಕರಿಸುವ ಸಂನ್ಯಾಸಕ್ಕೆ ‘ಆತುರ ಸಂನ್ಯಾಸ’ವೆಂದು ಹೆಸರು. ಮಲಯಾಳ ಭಾಷೆಯಲ್ಲಿ ಆಸ್ಪತ್ರೆಗೆ ‘ಆತುರಾಲಯ’ವೆಂಬ ಮಾತು ಇಂದಿಗೂ ಉಂಟು. ‘ಕ್ಷುಧಾತುರ’, ‘ಕಾಮಾತುರ’ ಎಂಬ ಸಮಾಸಗಳಲ್ಲಿಯೂ ಪೀಡಿತನೆಂಬ ಅರ್ಥವೇ ಇದೆ. ಹಸಿವಿನಿಂದ ಪೀಡಿತನಾದವನು ತಾಳಲಾರ, ತಾಳಲಾರದವನು ಅವಸರಪಡುತ್ತಾನೆ. ಹೀಗೆ ನೋಡಿದರೆ ನೋವಿನ ಹೆಸರೇ ಅವಸರದ ಹೆಸರಾದುದು ಸಹಜವೆನಿಸುತ್ತದೆ.

ನಮ್ಮ ಮನೆಗಳಲ್ಲಿ ಈಗ ಹೆಚ್ಚಾಗಿ ಕೇಳಿಬರುವುದು ‘ರೋಗಿಷ್ಠ’ ಎಂಬ ಮಾತು. ‘ಪಾಪಿಷ್ಠ’ದ ಎರಕದಲ್ಲಿಯೇ ಇರುವ ಈ ಪದದಲ್ಲಿ ಕರುಣೆಗಿಂತ ತಿರಸ್ಕಾರವೇ ಅಧಿಕ. ಪದೇ ಪದೇ ಹಾಸಿಗೆ ಹಿಡಿಯುವ ಸೊಸೆಯನ್ನೋ ಮೈ ಹತ್ತದ ಮಗುವನ್ನೋ ಹೀಗೆ ಕರೆದರೆ, ಬಂದುಹೋಗಬಹುದಾದ ವ್ಯಾಧಿಯೇ ಆ ಜೀವದ ಹೆಸರಾಗಿಬಿಡುತ್ತದೆ. ವ್ಯಾಧಿ ವಾಸಿಯಾದರೂ ಹೆಸರು ಉಳಿಯುತ್ತದೆ.

ಪ್ರಾಚೀನರ ದೃಷ್ಟಿ ಇದಕ್ಕಿಂತ ಉದಾರವಾದುದು. ಚರಕನು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತಾನೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ರೋಗಿಯು ಇಲ್ಲಿ ಹೊರೆಯಲ್ಲ. ಗುಣವಾಗುವ ಕಾರ್ಯದಲ್ಲಿ ಸ್ವತಃ ಪಾಲುದಾರ. ನೆನಪು, ವೈದ್ಯನ ಮಾತಿನಂತೆ ನಡೆಯುವುದು, ನಿರ್ಭಯತೆ, ತನ್ನ ಬಾಧೆಯನ್ನು ತಿಳಿಸಬಲ್ಲ ಶಕ್ತಿ ಇವು ಅವನ ಗುಣಗಳು. ಹೀಯಾಳಿಕೆಗೆ ಗುರಿಯಾದವನು ನಿರ್ಭಯನಾಗಿ ಬಾಧೆಯನ್ನು ಹೇಳಿಕೊಳ್ಳುವುದೆಂತು? ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಶುಚಿತ್ವಗಳೊಡನೆ ಅನುರಾಗವೂ ಇರಬೇಕೆಂದು ಅದೇ ಗ್ರಂಥವು ವಿಧಿಸುತ್ತದೆ. ಪ್ರೀತಿಯನ್ನೂ ಚಿಕಿತ್ಸೆಯ ಅಂಗವೆಂದು ಎಣಿಸಿದುದು ಗಮನಾರ್ಹ.

ಶರಣಧರ್ಮಕ್ಕೆ ಈ ಮಾತು ಹೊರಗಿನದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರಿಗೆ ವೈದ್ಯವೃತ್ತಿಯೇ ಕಾಯಕವಾಗಿತ್ತು. ಭವವನ್ನು ರೋಗವೆಂದೂ ಗುರುವನ್ನು ವೈದ್ಯನೆಂದೂ ಕಾಣುವ ದೃಷ್ಟಿ ನಮ್ಮ ಪರಂಪರೆಯಲ್ಲಿ ರೂಢಮೂಲವಾಗಿದೆ. ಆ ದೃಷ್ಟಿಯಲ್ಲಿ ಭವಕ್ಕೆ ಸಿಲುಕಿದ ನಾವೆಲ್ಲರೂ ಆತುರರೇ. ಮಂಚ ಬಿಟ್ಟೇಳಲಾರದ ವೃದ್ಧರ ಎದೆಯ ಮೇಲೂ ಇಷ್ಟಲಿಂಗವಿರುತ್ತದೆ. ಅವರು ದೇವರನ್ನರಸಿ ದೇಗುಲಕ್ಕೆ ಹೋಗಬೇಕಾಗಿಲ್ಲ; ಅಂಗೈ ಚಾಚುವ ಶಕ್ತಿಯಿಲ್ಲದಿದ್ದರೆ ನಮ್ಮ ಕೈ ಆಸರೆಯಾದರೆ ಸಾಕು. ಅವರಿಗೆ ಗಂಜಿ ಕುಡಿಸುವುದು, ಮೈ ಒರೆಸುವುದು, ಅವರ ಮಾತಿಗೆ ಕಿವಿಗೊಡುವುದು ದಾಸೋಹವೇ ಸರಿ.

ಆದುದರಿಂದ ‘ರೋಗಿಷ್ಠ’ ಎಂಬ ನುಡಿಯನ್ನು ನಮ್ಮ ಮನೆಗಳಿಂದ ದೂರವಿಡೋಣ. ‘ಆತುರ’ವೆಂಬ ಹಳೆಯ ಶಬ್ದವು ಮತ್ತೆ ಬಳಕೆಗೆ ಬಾರದಿದ್ದರೂ ಚಿಂತೆಯಿಲ್ಲ, ಅದರ ಅರ್ಥ ನಮ್ಮ ನೆನಪಿನಲ್ಲಿರಲಿ. ಆತುರರ ಸೇವೆಯಲ್ಲಿ ನಾವು ಆತುರಪಡದಿರೋಣ.