ಕೆರೆಯ ಏರಿಯೂ ಅನಿಯತ ತ್ರಿಕೋಣಜಾಲವೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಏರಿಯೇ ಇಲ್ಲಿಯ ಬೇಸಾಯಕ್ಕೆ ಬಹುಕಾಲದಿಂದ ಆಧಾರವಾಗಿರುವುದು. ಏರಿಯೊಳಗೆ ನೀರು ಜಿನುಗಿ, ಹೊರಬುಡದಲ್ಲಿ ಮಣ್ಣನ್ನು ಕೊಚ್ಚಿಕೊಂಡು ಹೊರಟರೆ ಕೆರೆಯೇ ಒಡೆಯುವುದುಂಟು. ಈ ಜಿನುಗನ್ನು ಗಣಿಸಬೇಕಾದರೆ ಏರಿಯ ಅಡ್ಡಸೀಳನ್ನು ಸಣ್ಣ ಸಣ್ಣ ತ್ರಿಕೋಣಗಳಾಗಿ ವಿಭಾಗಿಸಬೇಕು. ಹಾಗೆ ಆದ ಬಲೆಗೆ ಶಿಲ್ಪಶಾಸ್ತ್ರಜ್ಞರು ‘ಮೆಶ್’ ಎನ್ನುವರು. ಚಿತ್ರ ಬರೆಯದೆ, ಬರಿಯ ಅಕ್ಷರಗಳ ಆಜ್ಞೆಯಿಂದಲೇ ಅದನ್ನು ಗಣಕಯಂತ್ರದಿಂದ ಮಾಡಿಸುವ ಕ್ರಮವನ್ನು ಇಲ್ಲಿ ವಿವರಿಸುವೆನು.

ತ್ರಿಕೋಣವೇ ಏಕೆ ಎಂಬ ಪ್ರಶ್ನೆಗೆ ನಮ್ಮ ಭಾಸ್ಕರಾಚಾರ್ಯನೇ ಉತ್ತರವಿತ್ತಿರುವನು. 1150ರ ‘ಲೀಲಾವತಿ’ಯಲ್ಲಿ ಆತನು, ನಾಲ್ಕು ಭುಜಗಳನ್ನು ಮಾತ್ರ ಹೇಳಿ ಚತುರ್ಭುಜದ ಫಲವನ್ನು ಕೇಳುವವನನ್ನು ಪಿಶಾಚನೆಂದು ಪರಿಹಾಸ ಮಾಡುವನು. ಕರ್ಣವನ್ನೋ ಲಂಬವನ್ನೋ ಹೇಳದಿದ್ದರೆ ಆ ಆಕೃತಿಯು ಅನಿಯತ. ಭುಜಗಳು ಅವೇ ಇದ್ದರೂ ಅದು ಓರೆಯಾಗಬಲ್ಲುದು. ತ್ರಿಕೋಣವಾದರೋ ಮೂರು ಭುಜಗಳಿಂದಲೇ ನಿಯತವಾಗುವುದು. 1800ರಲ್ಲಿ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು ಮೈಸೂರು ಸೀಮೆಯನ್ನು ತ್ರಿಕೋಣಗಳಿಂದಲೇ ಮೋಜಣಿ ಮಾಡತೊಡಗಿದುದಕ್ಕೂ ಇದೇ ಕಾರಣ.

ಚದುರಂಗದ ಮಣೆಯಂತೆ ಸಾಲುಸಾಲಾಗಿರುವ ಜಾಲವು ಕ್ರಮಬದ್ಧವಾದುದು. ಏರಿಯಂತಹ ಓರೆ ಅಂಚಿನ ಆಕೃತಿಗೆ ಅದು ಸುಲಭವಾಗಿ ಒಗ್ಗದು. ಅಲ್ಲಿ ಬೇಕಾದೆಡೆ ಸಣ್ಣ, ಸಾಲುವೆಡೆ ದೊಡ್ಡ ತ್ರಿಕೋಣಗಳನ್ನು ಸಾಲಿನ ಕಟ್ಟಿಲ್ಲದೆ ಹೆಣೆಯುವರು. ಇದಕ್ಕೆ ‘ಅನಿಯತ ಜಾಲ’ವೆಂಬ ಹೆಸರು ಒಪ್ಪುವುದೆಂದು ನನ್ನ ಅಭಿಪ್ರಾಯ. ಇಲ್ಲಿ ಜೋಡಣೆಯು ಅನಿಯತ, ಒಂದೊಂದು ತ್ರಿಕೋಣವೂ ನಿಯತ. ಹೆಣಿಗೆಗೂ ಒಂದು ನಿಯಮವುಂಟು. ರಷ್ಯದ ದೆಲೋನೆ ಎಂಬ ಗಣಿತಜ್ಞನು 1934ರಲ್ಲಿ ತೋರಿಸಿದಂತೆ, ಯಾವ ತ್ರಿಕೋಣದ ಪರಿವೃತ್ತದೊಳಗೂ ಜಾಲದ ಬೇರೊಂದು ಬಿಂದು ಬೀಳಬಾರದು. ಇದರಿಂದ ಸೂಜಿಯಂತೆ ಚೂಪಾದ ತ್ರಿಕೋಣಗಳು ಆದಷ್ಟು ಕಡಮೆಯಾಗುವುವು.

ಬೆಲ್ಜಿಯಂ ದೇಶದ ಜೂಜೇನ್, ರೆಮಾಕಲ್ ಎಂಬಿಬ್ಬರು 1996ರಿಂದ ಬೆಳೆಸಿದ ‘ಜಿಮೆಶ್’ ಎಂಬ ಸಾಧನವು ಉಚಿತವಾಗಿ ದೊರೆಯುವುದು. ಉದಾಹರಣೆಗೆ, ಬುಡ 24 ಮೀಟರ್, ತಲೆ 4 ಮೀಟರ್, ಎತ್ತರ 5 ಮೀಟರ್ ಇರುವ ಒಂದು ಕಲ್ಪಿತ ಏರಿಯನ್ನು ತೆಗೆದುಕೊಳ್ಳೋಣ. ಒಂದು ಕಡತದಲ್ಲಿ ಹತ್ತು ಪಂಕ್ತಿಗಳನ್ನು ಬರೆದರೆ ಸಾಕು. ನಾಲ್ಕು ಮೂಲೆಗಳಿಗೆ ನಾಲ್ಕು ‘ಪಾಯಿಂಟ್’, ನಾಲ್ಕು ಅಂಚುಗಳಿಗೆ ನಾಲ್ಕು ‘ಲೈನ್’, ಅವನ್ನು ಸುತ್ತುಗಟ್ಟುವ ಒಂದು ‘ಕರ್ವ್ ಲೂಪ್’, ಆ ಸುತ್ತಿನೊಳಗಣ ಒಂದು ‘ಪ್ಲೇನ್ ಸರ್ಫೇಸ್’. ಬಿಂದುವಿಗೆ ಸಂಖ್ಯೆಯಿಡದೆ ರೇಖೆಯನ್ನು ವಿಧಿಸಲಾಗದು. ವ್ಯಾಕರಣದಲ್ಲಿ ಸಂಜ್ಞೆ ಮೊದಲು, ವಿಧಿ ಆಮೇಲೆ ಎಂಬಂತೆಯೇ ಇದು. ಪ್ರತಿ ಬಿಂದುವಿನೊಡನೆ ಅದರ ಸಮೀಪದ ತ್ರಿಕೋಣಗಳ ಅಳತೆಯನ್ನೂ ಹೇಳಬೇಕು. ಮೂರು ಮೂಲೆಗಳಿಗೆ 1 ಮೀಟರ್, ಅಪಾಯವಿರುವ ಹೊರಬುಡಕ್ಕೆ 0.2 ಮೀಟರ್ ಎಂದಿಟ್ಟರೆ ನಡುವಣ ಅಳತೆಗಳನ್ನು ಯಂತ್ರವೇ ಹೊಂದಿಸಿಕೊಳ್ಳುವುದು.

ಬಳಿಕ ಆಜ್ಞಾಪಂಕ್ತಿಯಲ್ಲಿ ಬರೆಯಬೇಕಾದುದು ಮೂರೇ ಪದ: ಸಾಧನದ ಹೆಸರು, ಕಡತದ ಹೆಸರು, ಅಡ್ಡಗೆರೆಯೊಡನೆ 2 ಎಂಬ ಅಂಕೆ. 2 ಎಂದರೆ ಎರಡು ಆಯಾಮಗಳ ಜಾಲ. ಬಿಂದುಗಳ ಸ್ಥಾನವೂ ತ್ರಿಕೋಣಗಳ ಪಟ್ಟಿಯೂ ಇರುವ ಹೊಸ ಕಡತವು ಹುಟ್ಟುವುದು. ಎಲ್ಲ ಅಳತೆಗಳನ್ನೂ ಅರ್ಧಮಾಡಿದರೆ ತ್ರಿಕೋಣಗಳು ಸುಮಾರು ನಾಲ್ಮಡಿಯಾಗುವುವು.

ಫಲವನ್ನು ತಾಳೆನೋಡಲು ಎರಡು ಬಗೆಗಳಿವೆ. ಏರಿಯ ಅಡ್ಡಸೀಳಿನ ಕ್ಷೇತ್ರಫಲ 70 ಚದರ ಮೀಟರ್; ತ್ರಿಕೋಣಗಳು ಎಷ್ಟೇ ಇರಲಿ, ಅವುಗಳ ಫಲಗಳ ಮೊತ್ತ 70 ಆಗಲೇಬೇಕು. ಒಂದು ಕರ್ಣವನ್ನೆಳೆದು ಎರಡೇ ತ್ರಿಕೋಣ ಮಾಡಿದರೆ ಅವು 60 ಮತ್ತು 10. ಎರಡನೆಯದಾಗಿ, ಬಿಂದುಗಳಿಂದ ಭುಜಗಳನ್ನು ಕಳೆದು ತ್ರಿಕೋಣಗಳನ್ನು ಕೂಡಿದರೆ 1 ಬರಬೇಕು. ಮೇಲಣ ಎರಡು ತ್ರಿಕೋಣಗಳಲ್ಲಿ ಬಿಂದು 4, ಭುಜ 5, ತ್ರಿಕೋಣ 2, ಲೆಕ್ಕವು ಸರಿಯಾಗಿರುವುದು. ಸಾಧನದ ಆವೃತ್ತಿ ಬದಲಾದರೆ ಜೋಡಣೆಯು ಬದಲಾಗಬಹುದು, ಈ ಎರಡು ಮಾತ್ರ ಬದಲಾಗವು.

ಕೈಯಿಂದ ಎಳೆದ ಚಿತ್ರವನ್ನು ಪ್ರತಿಮಾಡುವಾಗ ತಪ್ಪು ನುಸುಳಿದರೆ ಹಿಡಿಯುವುದು ಕಷ್ಟ. ಬರೆದ ಸೂತ್ರವನ್ನಾದರೋ ಓಲೆಯ ಪ್ರತಿಗಳಂತೆ ಒಂದರೊಡನೊಂದಿಟ್ಟು ಪಾಠಭೇದವನ್ನು ಗುರುತಿಸಬಹುದು. ಶಿಡ್ಲಘಟ್ಟದ ಏರಿಗೆ ಬರೆದುದನ್ನೇ ಕೆಲವು ಅಂಕೆಗಳನ್ನು ಮಾತ್ರ ತಿದ್ದಿ ಚಿಂತಾಮಣಿಯ ಏರಿಗೂ ಬಳಸಬಹುದು. ಆದರೆ ಜಾಲವು ಮಣ್ಣಿನ ಗುಣವನ್ನು ಅರಿಯದು. ಏರಿಯೊಳಗಣ ಇಲಿಬಿಲವನ್ನೂ ಹುತ್ತವನ್ನೂ ಅದು ಕಾಣದು. ಏರಿಯ ಮೇಲೆ ನಡೆದು ನೋಡಿದವನ ಮಾತನ್ನು ಸೂತ್ರಕ್ಕೆ ಸೇರಿಸಿದಲ್ಲದೆ ಗಣನೆಯು ಸಫಲವಾಗದು. ಏರಿ, ತೂಬು, ಕೋಡಿ ಎಂಬ ಮಾತುಗಳನ್ನಾಡುವ ಅವನಿಗೆ ಈ ಗಣನೆಯು ತಿಳಿಯಬೇಕಾದರೆ ಅದಕ್ಕೆ ಕನ್ನಡದ ಪರಿಭಾಷೆ ಬೇಕು. ಅದನ್ನು ಒದಗಿಸುವ ಹೊಣೆಯು ಭಾಷಾಧ್ಯಾಪಕರಾದ ನಮ್ಮದೇ ಅಲ್ಲವೆ?